ನಿಂಬೆಹಣ್ಣಿನ ತಂತಿ

ನಾನೊಂದು ಮೋಟರ್ ಸೈಕಲ್ಲು. ಕಬ್ಬಿಣಕ್ಕೆ ಬುದ್ಧಿ ಇಲ್ಲ ಎನ್ನುವ ಜನರ ಬುದ್ಧಿಯನ್ನು ಇಪ್ಪತ್ತಾರು ವರ್ಷ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಕಬ್ಬಿಣವಾಗಿ ಹುಟ್ಟಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಹುಟ್ಟಿದ್ದು ಒಂದು ಊರಿನಷ್ಟು ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿ ಲಕ್ಷ ಜನ ನನ್ನ ಮೈ ಮುಟ್ಟಿದರು. ಸರಿ, ಲಕ್ಷ ಅಲ್ಲದಿದ್ದರೆ ನೂರು. ಒಬ್ಬ ನಟ್ಟು ಬಿಗಿದ, ಒಬ್ಬ ಬಣ್ಣ ಹೊಡೆದ, ಇನ್ನೊಬ್ಬ ಆಕಳಿಸುತ್ತ ಸೀಟು ಕೂರಿಸಿದ. ಕಡೆಗೆ ಒಬ್ಬ ಹೆಂಗಸು ಬಂದು ಹೊಟ್ಟೆಯಿಂದ ಕತ್ತಿನವರೆಗೆ ಬಣ್ಣಬಣ್ಣದ ವೈರುಗಳನ್ನು ಎಳೆದಳು. ಅಷ್ಟು ಜನರಲ್ಲಿ ಕೆಲಸ ಬಲ್ಲವಳು ಅವಳೊಬ್ಬಳೇ.

ಆ ವೈರುಗಳಲ್ಲಿ ಒಂದರ ಕೆಲಸ ನನ್ನನ್ನು ಮಲಗಿಸುವುದು. ಕೀಲಿಯನ್ನು ಬಂದ್ ಮಾಡಿದರೆ ಆ ವೈರು ನನ್ನ ಮೈಯ ಕಬ್ಬಿಣಕ್ಕೆ ಕೂಡುತ್ತದೆ. ಪ್ಲಗ್ಗಿಗೆ ಹೋಗುವ ಕರೆಂಟು ನಿಲ್ಲುತ್ತದೆ, ಕಿಡಿ ಸಾಯುತ್ತದೆ, ನಾನು ಸುಮ್ಮನಾಗುತ್ತೇನೆ. ಕೀಲಿ ತೆರೆದರೆ ವೈರು ಕಬ್ಬಿಣವನ್ನು ಬಿಡುತ್ತದೆ, ನಾನು ಏಳುತ್ತೇನೆ. ಇಷ್ಟೇ ವಿದ್ಯೆ. ಇದೊಂದನ್ನು ನೆನಪಿನಲ್ಲಿಡಿ. ನನ್ನನ್ನು ರಿಪೇರಿ ಮಾಡಿದ ಮಹಾತ್ಮರಿಗೆ ಇದು ನೆನಪಿರಲಿಲ್ಲ.

ಮೊದಲ ಯಜಮಾನ ಗದಗಿನ ಭೂಮಾಪನ ಕಚೇರಿಯ ಗುಮಾಸ್ತ ವಾಮನರಾವ್ ದೇಸಾಯಿ. ಆತ ನನ್ನನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಏಳು ವರ್ಷ ತೆಗೆಯಲಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕುಳಿತು ಏಳುವಾಗ ಪಾಪ, ಧೋತರ ಒಂದು ಕಡೆ, ಆತ ಒಂದು ಕಡೆ. ಮೋಡ ಕಂಡರೆ ನನ್ನನ್ನು ಮನೆಯೊಳಗೆ ನಿಲ್ಲಿಸಿ ತಾನು ಛತ್ರಿ ಹಿಡಿದು ನಡೆದು ಹೋಗುತ್ತಿದ್ದ. ನಿವೃತ್ತಿಯಾದ ಮೇಲೆ ನನ್ನನ್ನು ಮಾರಿದ. ಮಾರುವ ದಿನ ಪ್ಲಾಸ್ಟಿಕ್ಕನ್ನು ಮಾತ್ರ ಬಿಚ್ಚಿ ಮಡಚಿಟ್ಟುಕೊಂಡ.

ಕೊಂಡವನು ಬೆಟಗೇರಿಯ ಗೂಳಪ್ಪ. ಅವನ ಹೆಂಡತಿ ಶಾವಂತ್ರೆವ್ವ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಡಬ್ಬಿಗಳನ್ನು ಖಾನಾವಳಿಗಳಿಗೆ ಮುಟ್ಟಿಸುವುದು ಗೂಳಪ್ಪನ ಕೆಲಸ. ದೇಸಾಯಿ ಒಂದು ಹನಿ ಮಳೆಗೆ ಹೆದರಿದರೆ ಈತ ಏನಕ್ಕೂ ಹೆದರುವವನಲ್ಲ, ಹೆದರಲು ತಲೆಯೊಳಗೆ ಏನಾದರೂ ಇರಬೇಕಲ್ಲ. ಮೂರನೇ ದಿನವೇ ರೈಲ್ವೆ ಗೇಟಿನ ಎಡತಿರುವಿನಲ್ಲಿ ನನ್ನನ್ನು ಕೆಡವಿದ. ಟ್ಯಾಂಕಿಗೆ ಒಂದು ನೆಗ್ಗು ಬಿತ್ತು. ಅದು ಇಂದಿಗೂ ಇದೆ. ಅವನ ಮೊಣಕೈ ತರಚಿತು, ಅದಕ್ಕೆ ಊರೆಲ್ಲ ಕೇಳುವಂತೆ ನರಳಿದ.

"ಒಂದ ನಿಂಬಿಹಣ್ಣು ಕಟ್ರಿ ಅದಕ್ಕ," ಅಂದಳು ಶಾವಂತ್ರೆವ್ವ. "ಯಾರದೋ ದೃಷ್ಟಿ ಆಗೇತಿ."

"ಗಾಡೀಗೋ, ನನಗೋ?"

"ನಿಮ್ಮ ಮ್ಯಾಲೆ ಯಾರ ದೃಷ್ಟಿ ಬೀಳ್ತಾದ್ರಿ. ಗಾಡೀಗೆ ಕಟ್ರಿ."

ನೂಲಿನಲ್ಲಿ ಕಟ್ಟಬಹುದಿತ್ತು. ಗೂಳಪ್ಪ ಹಾಗೆ ಮಾಡುವವನೇ? ಮನೆ ಕಟ್ಟುವಾಗ ಕಂಬಿ ಬಿಗಿಯುವ ತಂತಿಯನ್ನು ಎಲ್ಲಿಂದಲೋ ತಂದ. ಹಣ್ಣಿಗೆ ಚುಚ್ಚಿ, ಹೆಡ್‌ಲೈಟಿನ ಹಿಂದೆ ಹ್ಯಾಂಡಲ್ಲಿಗೆ ಸುತ್ತಿ, ಪಕ್ಕಡದಿಂದ ಮೂರು ತಿರುವು ಹಾಕಿ ಬಿಗಿದ. ಒಳಗೆ ವೈರುಗಳು ಹೋಗುತ್ತವೆ ಎಂದು ಇಣುಕಿಯೂ ನೋಡಲಿಲ್ಲ.

"ನೋಡs," ಅಂದ ಹೆಂಡತಿಗೆ, "ನಾ ಹೋದ್ರೂ ಇದು ಹೋಗಂಗಿಲ್ಲ."

ಎರಡು ವರ್ಷದ ನಂತರ ಊಟಕ್ಕೆ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋದ. ಆ ಮನುಷ್ಯ ಆಡಿದ ಮಾತುಗಳಲ್ಲಿ ನಡೆಸಿಕೊಟ್ಟದ್ದು ಅದೊಂದೇ.

ಆಮೇಲೆ ನನ್ನ ಮೇಲೆ ಕುಳಿತವನು ಶಾವಂತ್ರೆವ್ವನ ತಮ್ಮ ಚನಬಸು. ಇವನಿಗೆ ಹೋಲಿಸಿದರೆ ಗೂಳಪ್ಪ ಮಹಾಪಂಡಿತ. ಅಮಾವಾಸ್ಯೆ ಬಂತೆಂದರೆ ನನಗೆ ಪೂಜೆ: ನೀರು, ಕುಂಕುಮ, ಕಾಯಿ, ಹೊಸ ನಿಂಬೆಹಣ್ಣು. ಒಣಗಿದ ಹಳೆಯ ಹಣ್ಣನ್ನು ಕಿತ್ತು ಮೂರು ದಾರಿ ಕೂಡುವಲ್ಲಿ ಒಗೆಯುತ್ತಿದ್ದ. ತಂತಿ ಬಿಚ್ಚುವುದು ಬೇಸರದ ಕೆಲಸ, ಅದಕ್ಕೇ ಅದನ್ನು ಅಲ್ಲೇ ಬಿಟ್ಟು ಅದರ ಮೇಲೆ ಹೊಸ ತಂತಿ ಸುತ್ತುತ್ತಿದ್ದ. ಒಮ್ಮೆ ಮಾತ್ರ ಎಲ್ಲವನ್ನೂ ಕತ್ತರಿಸಿ ತೆಗೆಯಲು ಹೊರಟಿದ್ದ. ಒಳಗಿಂದ ಅಕ್ಕ ಕೂಗಿದಳು.

"ತಳದಾಗಿಂದು ಮುಟ್ಟಬ್ಯಾಡ. ಅದು ಅವರು ಕಟ್ಟಿದ್ದು."

ತಳದ್ದನ್ನು ಮುಟ್ಟದೆ ಮೇಲಿನದನ್ನು ಹೇಗೆ ಬಿಡಿಸುವುದು ಎಂದು ಅವನಿಗೆ ತಿಳಿಯಲಿಲ್ಲ. ಎಲ್ಲವನ್ನೂ ಬಿಟ್ಟ. ಹೀಗೆ ಮೂರು ವರ್ಷದಲ್ಲಿ ನನ್ನ ಕತ್ತಿನಲ್ಲಿ ಒಂದು ಗುಬ್ಬಿಗೂಡೇ ಆಯಿತು.

ಆ ಗೂಡು ಬಿಗಿಯಾದಂತೆಲ್ಲ ತಳದ ತಂತಿ ಒಳಗೆ ಒತ್ತಿಕೊಂಡಿತು. ಒತ್ತಿ ಒತ್ತಿ ನನ್ನನ್ನು ಮಲಗಿಸುವ ಆ ವೈರಿನ ಸಿಪ್ಪೆಯನ್ನು ಕೊಯ್ಯಿತು. ಹ್ಯಾಂಡಲ್ ನೆಟ್ಟಗಿದ್ದಾಗ ತೊಂದರೆಯಿಲ್ಲ. ಬಲಕ್ಕೆ ತಿರುಗಿದರೂ ಇಲ್ಲ. ಎಡಕ್ಕೆ ತಿರುಗಿದರೆ ಮಾತ್ರ ವೈರು ಜಗ್ಗಿ, ಬರಿಮೈಯ ತಾಮ್ರ ಆ ತಂತಿಗೆ ತಾಗುತ್ತಿತ್ತು. ತಂತಿ ಹ್ಯಾಂಡಲ್ಲಿನ ಕಬ್ಬಿಣಕ್ಕೆ ಸುತ್ತಿದ್ದೇ ಇದೆ. ಮುಗಿಯಿತು. ಯಾರೋ ಕೀಲಿ ಬಂದ್ ಮಾಡಿದಂತೆ ನಾನು ನಿಂತುಬಿಡುತ್ತಿದ್ದೆ.

ಚನಬಸು ಇದನ್ನು ಬೇರೆ ತರಹ ಅರ್ಥ ಮಾಡಿಕೊಂಡ. ರೈಲ್ವೆ ಗೇಟಿನ ಎಡತಿರುವಿನಲ್ಲಿ ದಿನಾ ನಿಲ್ಲುತ್ತದೆ, ಅಲ್ಲಿ ಏನೋ ಇದೆ ಎಂದ. ಅಮಾವಾಸ್ಯೆಗೆ ಒಂದಿದ್ದ ನಿಂಬೆಹಣ್ಣು ಮಂಗಳವಾರಕ್ಕೂ ಒಂದಾಯಿತು. ನಾನು ನಿಂತಷ್ಟೂ ಅವನು ಕಟ್ಟಿದ, ಅವನು ಕಟ್ಟಿದಷ್ಟೂ ನಾನು ನಿಂತೆ.

ಇನ್ನು ಪರಪ್ಪ ಮಿಸ್ತ್ರಿ. ಬೆಟಗೇರಿಯ ಹನುಮಪ್ಪನ ಕಟ್ಟೆಯ ಎದುರಿಗೆ ಅವನ ಗ್ಯಾರೇಜು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ನನ್ನ ಹೊಟ್ಟೆಗೆ, ಇನ್ನೊಂದನ್ನು ತನ್ನ ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ನೋಡಿದವರು ಕೈಮುಗಿಯಬೇಕು, ಅಂಥ ಗಾಂಭೀರ್ಯ. ಮೊದಲ ಸಲ ಪ್ಲಗ್ ಹೋಗಿದೆ ಎಂದು ಪ್ಲಗ್ ಬದಲಿಸಿದ. ಎರಡನೇ ಸಲ ಕಾಯಿಲ್ ಬದಲಿಸಿದ. ಮೂರನೇ ಸಲ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಊದಿ, ಒಂದು ಸ್ಪ್ರಿಂಗ್ ಮಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡ. ನಾಲ್ಕನೇ ಸಲ ಪೆಟ್ರೋಲು ಕಲಬೆರಕೆ ಎಂದ.

ಪ್ರತಿ ಸಲವೂ ರಿಪೇರಿ ಆದ ಮೇಲೆ ನನ್ನನ್ನು ಓಡಿಸಿ ನೋಡುತ್ತಿದ್ದ. ಎಲ್ಲಿ? ಹನುಮಪ್ಪನ ಕಟ್ಟೆಯ ಸುತ್ತ. ದೇವರ ಸುತ್ತ ಹೋಗುವುದೆಂದರೆ ಬಲಸುತ್ತು ತಾನೇ? ಬಲಕ್ಕೆ, ಬಲಕ್ಕೆ, ಬಲಕ್ಕೆ, ಮತ್ತೆ ಗ್ಯಾರೇಜಿಗೆ. ನಾನು ಹೂವಿನಂತೆ ಓಡುತ್ತಿದ್ದೆ. "ಬೆಣ್ಣಿ ಆಗೇತಿ ನೋಡ್ರಿ ಗಾಡಿ," ಎಂದು ಕೈ ಒರೆಸಿಕೊಳ್ಳುತ್ತಿದ್ದ. ನಾಲ್ಕು ರಿಪೇರಿಯಲ್ಲಿ ಅವನು ನನ್ನ ಮೇಲೆ ಕುಳಿತು ಹಾಕಿದ ಪ್ರದಕ್ಷಿಣೆಗಳಿಗೆ ಹನುಮಪ್ಪ ಅವನಿಗೆ ಮೋಕ್ಷ ಕೊಡಬೇಕಿತ್ತು. ಬುದ್ಧಿಯನ್ನಂತೂ ಕೊಡಲಿಲ್ಲ.

ಆ ಹೊತ್ತಿಗೆ ಶಾವಂತ್ರೆವ್ವನ ಶೆಡ್ಡಿನಲ್ಲಿ ಆರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಖಾನಾವಳಿಗಳು ಒಂದೊಂದಾಗಿ ಮಷಿನ್ನಿನ ರೊಟ್ಟಿಗೆ ಹೋಗಿದ್ದವು. ಉಳಿದ ಕೆಲಸ ಮೂರು ಜನಕ್ಕೂ ಸಾಲುತ್ತಿರಲಿಲ್ಲ. ಅಂಥದರಲ್ಲಿ ಊರಾಚೆಯ ನರ್ಸಿಂಗ್ ಹುಡುಗಿಯರ ಹಾಸ್ಟೆಲ್ಲಿನಿಂದ ಕರೆ ಬಂತು. ದಿನಾ ಮಧ್ಯಾಹ್ನ ಐದುನೂರು ರೊಟ್ಟಿ, ಬಿಸಿ ಇರಬೇಕು, ಹನ್ನೆರಡೂವರೆಯೊಳಗೆ ಬರಬೇಕು. ಒಂದು ವಾರ ನೋಡಿ ಆಮೇಲೆ ಖಾಯಂ ಮಾಡುತ್ತಾರೆ. ಹಾಸ್ಟೆಲ್ಲಿನ ದಾರಿ ರೈಲ್ವೆ ಗೇಟಿನ ಎಡತಿರುವಿನಿಂದಲೇ.

ಮೊದಲ ದಿನ ಒಂದು ಗಂಟೆಗೆ ತಲುಪಿದೆವು. ಎರಡನೆಯ ದಿನ ಚನಬಸು ಒಬ್ಬನನ್ನು ನಂಬದೆ ಶಾವಂತ್ರೆವ್ವನೂ ಹಿಂದೆ ಕುಳಿತಳು, ತೊಡೆಯ ಮೇಲೆ ಒಂದು ಡಬ್ಬಿ ಇಟ್ಟುಕೊಂಡು. ನಾನು ಮೂರು ಕಡೆ ನಿಂತೆ. ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ. ವಾರ್ಡನ್ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕಾರ, ಹುಡುಗ್ಯಾರು ಊಟ ಬಿಟ್ಟು ಡ್ಯೂಟಿಗೆ ಹೋದ್ರು. ನಾಳೆನೂ ಹಿಂಗಾದ್ರ ನಾಡಿದ್ದು ಬರಬ್ಯಾಡ್ರಿ."

ಶಾವಂತ್ರೆವ್ವ ಡಬ್ಬಿಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. 

ಮರುದಿನ ಹತ್ತೂವರೆಗೆ, ಕೈಗೆ ಹಿಟ್ಟು ಮೆತ್ತಿದ್ದಂತೆಯೇ ಗ್ಯಾರೇಜಿಗೆ ಬಂದಳು. ಪರಪ್ಪ ಐದನೇ ರಿಪೇರಿಗೆ ಮತ್ತೆ ನನ್ನ ಪ್ಲಗ್ಗನ್ನೇ ಬಿಚ್ಚುತ್ತಿದ್ದ. ಚನಬಸು ಪಕ್ಕದಲ್ಲಿ ಹೊಸ ನಿಂಬೆಹಣ್ಣು ಹಿಡಿದು ನಿಂತಿದ್ದ. ಇಬ್ಬರ ಬುದ್ಧಿಯನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೂ ನಿಂಬೆಹಣ್ಣೇ ಹೆಚ್ಚು ತೂಗುತ್ತಿತ್ತು.

"ಪರಪ್ಪಣ್ಣ, ಅದನ್ನ ಬಿಡು. ನಿನ್ನೆ ಮೂರ ಸಲ ನಿಂತತು. ಮೂರೂ ಸಲ ನನ್ನ ತೊಡಿ ಮ್ಯಾಲಿನ ಡಬ್ಬಿ ಬಲಕ್ಕ ಜಾರಿತು. ಎಡಕ್ಕ ಹೊಳ್ಳಿದಾಗಷ್ಟ ಸಾಯಾಕತ್ತೇತಿ ಇದು."

ಪರಪ್ಪ ನಕ್ಕ. "ಯಕ್ಕಾರ, ಇಂಜಿನ್ನಿಗೆ ಎಡಾ ಬಲಾ ಏನ್ ಗೊತ್ತಾಗ್ತೈತ್ರಿ. ರೊಟ್ಟಿ ವಿಚಾರ ನೀವು ಹೇಳ್ರಿ, ನಾ ಕೇಳ್ತೀನಿ."

"ಹಂಗಾರ ಕಟ್ಟೀ ಸುತ್ತ ಎಡಕ್ಕ ಒಂದ್ ಸುತ್ತ ಹಾಕಿ ತೋರಸು."

ಅವನ ನಗು ನಿಂತಿತು. "ದೇವರಿಗೆ ಎಡಸುತ್ತ? ನಾ ಒಲ್ಲೆ. ಮನ್ಯಾಗ ಮಕ್ಕಳದಾವ ನನಗ."

"ಚನಬಸು, ನೀ ಹಾಕು."

"ಯಕ್ಕಾ, ನನಗಿನ್ನೂ ಮದಿವಿ ಆಗಿಲ್ಲ."

ಶಾವಂತ್ರೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನನಗ ಆಗೋದು ಆಗಿ ಹೋಗೇತಿ. ಪ್ಲಗ್ ಹಾಕಿ ಚಾಲೂ ಮಾಡಿ ಕೊಡು, ಗೇರ್ ಹಾಕಬ್ಯಾಡ."

ಅವಳಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಹೊಟ್ಟೆಯಲ್ಲಿ ಇಂಜಿನ್ನು ಉರಿಯುತ್ತಿದ್ದ ನನ್ನನ್ನು, ಆನೆಯಷ್ಟು ಭಾರದ ನನ್ನನ್ನು, ಹ್ಯಾಂಡಲ್ ಹಿಡಿದು ನೂಕಿಕೊಂಡೇ ಹೊರಟಳು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಮುದುಕರು ಅಗಿಯುವುದನ್ನು ಬಿಟ್ಟರು. ಒಬ್ಬ "ಏ ತಂಗಿ, ಎಡಕ್ಕ, ಎಡಕ್ಕ," ಎಂದು ಎಚ್ಚರಿಸಿದ. "ಗೊತ್ತೈತಿ ಕಾಕಾ," ಎಂದು ಅವಳು ಮೊದಲ ಮೂಲೆಯಲ್ಲಿ ಎಡಕ್ಕೆ ಹೊರಳಿಸಿದಳು.

ನಾನು ಸತ್ತೆ.

ನೆಟ್ಟಗೆ ಮಾಡಿ ಚನಬಸುವಿನಿಂದ ಕಿಕ್ ಹೊಡೆಸಿದಳು. ಎದ್ದೆ. ಬಲಕ್ಕೆ ತಿರುವಿದಳು, ಉರಿಯುತ್ತಲೇ ಇದ್ದೆ. ಎಡಕ್ಕೆ ತಿರುವಿದಳು. ಸತ್ತೆ. ಮೂರು ಸಲ ಹೀಗೆ ಮಾಡಿದಳು. ಪರಪ್ಪ ಪ್ಲಗ್ ಬಿಚ್ಚುವ ಪಾನಾ ಕೆಳಗಿಟ್ಟು ಹತ್ತಿರ ಬಂದ.

"ಹ್ಯಾಂಡಲ್ ತಿರುವಿದ್ರ ಏನೇನ್ ತಿರುಗತಾವೋ ಅದನ್ನ ನೋಡು," ಅಂದಳು. "ಹೊಟ್ಟಿ ನೋಡಬ್ಯಾಡ. ಕುತ್ತಿಗಿ ನೋಡು."

ಪರಪ್ಪ ಹೆಡ್‌ಲೈಟ್ ಬಿಚ್ಚಿದ. ಅದರ ಹಿಂದೆ ಗುಬ್ಬಿಗೂಡು. ಪಕ್ಕಡ ತಂದು ಒಂದೊಂದೇ ತಂತಿ ಕತ್ತರಿಸಿದ, ಕಟ್ ಕಟ್ ಎಂದು. ಮೂವತ್ತು, ನಲವತ್ತು ಇದ್ದವೋ ಏನೋ. ನನ್ನನ್ನು ಕೇಳಿದರೆ ನಾಲ್ಕುನೂರು. ಚನಬಸು ಆಕಾಶ ನೋಡುತ್ತಿದ್ದ. ಕಡೆಗೆ ಒಂದು ಉಳಿಯಿತು, ದಪ್ಪನೆಯದು, ಮೂರು ತಿರುವಿನದು. ವೈರಿನ ಸಿಪ್ಪೆಯೊಳಗೆ ಹಲ್ಲು ಊರಿ ಕುಳಿತಿತ್ತು. ಕೆಂಪಗೆ ತಾಮ್ರ ಕಾಣುತ್ತಿತ್ತು.

ಪರಪ್ಪ ಕೈ ತಡೆದ. ಆ ತಂತಿ ಯಾರದೆಂದು ಅವನಿಗೂ ಗೊತ್ತಿತ್ತು. ಕಟ್ಟಲು ಪಕ್ಕಡ ಕೊಟ್ಟವನು ಅವನೇ.

"ಯಕ್ಕಾರ, ಇದು ಗೂಳಪ್ಪಣ್ಣನ..."

ಅವಳು ಬಗ್ಗಿ ನೋಡಿದಳು. ಹಿಟ್ಟಿನ ಬೆರಳಿನಿಂದ ಆ ಮೂರು ತಿರುವನ್ನು ಒಮ್ಮೆ ಮುಟ್ಟಿದಳು. ಗಂಟೆ ಹನ್ನೊಂದೂವರೆ ದಾಟಿತ್ತು. ಶೆಡ್ಡಿನಲ್ಲಿ ಆರು ಹೆಂಗಸರು ಡಬ್ಬಿ ತುಂಬುತ್ತಿದ್ದರು.

"ಇದ್ದಾಗೂ ಹಿಂಗs ಅಡ್ಡ ನಿಲ್ತಿದ್ರು," ಅಂದಳು. "ಕತ್ತರಸು."

ಕತ್ತರಿಸಿದ. ವೈರಿಗೆ ಕಪ್ಪು ಟೇಪು ಸುತ್ತಿದ. ಎರಡು ನಿಮಿಷದ ಕೆಲಸ. ಸುತ್ತುತ್ತ, "ವೈರಿಂಗ್ ಇರಬೇಕಂತ ನಾ ಮದಲs ಅಂದಿದ್ದೆ," ಎಂದ. ಒಂದು ದಿನವೂ ಅಂದಿರಲಿಲ್ಲ. ಶಾವಂತ್ರೆವ್ವ ತುಂಡು ತಂತಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಹೊರಟಾಗ ಹನ್ನೆರಡಾಗಿ ಐದು ನಿಮಿಷ. ನನ್ನ ಎರಡೂ ಪಕ್ಕೆಗೆ ಡಬ್ಬಿಗಳು, ಹಿಂದೆ ಶಾವಂತ್ರೆವ್ವ, ತೊಡೆಯ ಮೇಲೆ ಇನ್ನೊಂದು ಡಬ್ಬಿ. ರೈಲ್ವೆ ಗೇಟು ಬಂತು. ಚನಬಸು ಕಣ್ಣು ಮುಚ್ಚಿದ. ಓಡಿಸುವವನು ಕಣ್ಣು ಮುಚ್ಚಿದರೆ ದಾರಿ ನೋಡುವವರು ಯಾರು? ಎಂದಿನಂತೆ ನಾನೇ ನೋಡಿಕೊಂಡೆ. ಹ್ಯಾಂಡಲ್ ಎಡಕ್ಕೆ ಹೊರಳಿತು. ಡಬ್ಬಿ ಬಲಕ್ಕೆ ಜಾರಿತು. ಅವಳ ಮುಷ್ಟಿ ನನ್ನ ಸೀಟಿನ ಅಂಚಿಗೆ ಒತ್ತಿಕೊಂಡಿತು. ನನ್ನೊಳಗೆ ಕಿಡಿ ಒಂದು, ಕಿಡಿ ಇನ್ನೊಂದು, ಕಿಡಿ ಮತ್ತೊಂದು, ತಪ್ಪದೆ ಬಿದ್ದವು. ತಿರುವು ಹಿಂದಾಯಿತು.

"ಅಂತೂ ದಾರಿ ಬಿಟ್ರಿ," ಅಂದಳು, ಮೆಲ್ಲಗೆ. ಚನಬಸು ತನಗೇ ಎಂದುಕೊಂಡು, "ಹೂಂ ಯಕ್ಕಾ," ಎಂದ.

ಹನ್ನೆರಡು ಇಪ್ಪತ್ತನಾಲ್ಕಕ್ಕೆ ಡಬ್ಬಿ ಇಳಿಸಿದೆವು. ವಾರ್ಡನ್ ಮುಚ್ಚಳ ತೆಗೆದು ಹಬೆ ನೋಡಿ, "ನಾಳೆನೂ ಬರ್ರಿ," ಅಂದಳು. ಆರು ಹೆಂಗಸರಲ್ಲಿ ಒಬ್ಬಳೂ ಕೆಲಸ ಬಿಟ್ಟು ಮನೆಗೆ ಹೋಗಬೇಕಾಗಲಿಲ್ಲ.

ಈಗ ನಾನು ಓಡುವುದಿಲ್ಲ. ರೊಟ್ಟಿ ಹೊರಲು ಮೂರು ಗಾಲಿಯ ಗಾಡಿ ಬಂದಿದೆ. ಚನಬಸು ಅದಕ್ಕೂ ನಿಂಬೆಹಣ್ಣು ಕಟ್ಟಿದ್ದಾನೆ, ಆದರೆ ನೂಲಿನಲ್ಲಿ. ಅಷ್ಟು ಬುದ್ಧಿ ಒಳಗೆ ಹೋಗಲು ಅವನಿಗೆ ನನ್ನಂಥ ಒಂದು ಗಾಡಿ ಬೇಕಾಯಿತು. ಪರಪ್ಪ ಮಾತ್ರ ಇಂದಿಗೂ ಹನುಮಪ್ಪನನ್ನು ಬಲಕ್ಕೇ ಸುತ್ತುತ್ತಿದ್ದಾನೆಂದು ಕೇಳಿದ್ದೇನೆ.

ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ. ನನ್ನ ಹ್ಯಾಂಡಲ್ಲಿನ ಮೇಲೆ ರೊಟ್ಟಿ ಮುಚ್ಚುವ ಬಟ್ಟೆಗಳು ಒಣಗುತ್ತವೆ. ದೇಸಾಯಿ ಏಳು ವರ್ಷ ಕಾಪಾಡಿದ ಸೀಟಿನ ಮೇಲೆ ಬೆಕ್ಕು ಮರಿ ಹಾಕಿದೆ. ಆ ತಂತಿಯನ್ನು ಶಾವಂತ್ರೆವ್ವ ದೇವರ ಮುಂದೆ ಇಟ್ಟುಬಿಡುತ್ತಾಳೆ ಎಂದು ನಾನು ಎಣಿಸಿದ್ದೆ, ಮನುಷ್ಯರ ಬುದ್ಧಿ ನನಗೆ ಗೊತ್ತಿಲ್ಲವೇ. ಅವಳು ಅದನ್ನು ಬಗ್ಗಿಸಿ ಗೋಡೆಯ ಮೊಳೆಗೆ ಸಿಕ್ಕಿಸಿ, ಅದಕ್ಕೆ ಹಿಟ್ಟು ಜರಡಿ ಹಿಡಿಯುವ ಸಾಣಿಗೆ ತೂಗುಹಾಕಿದ್ದಾಳೆ, ನನ್ನ ಕಣ್ಣೆದುರಿಗೇ. ದಿನಾ ಬೆಳಿಗ್ಗೆ ಸಾಣಿಗೆ ತೆಗೆಯುವ ಮುಂಚೆ ಆ ಮೂರು ತಿರುವನ್ನು ಒಮ್ಮೆ ಎಳೆದು ನೋಡುತ್ತಾಳೆ, ಸಡಿಲಾಗಿದೆಯೋ ಎಂದು.

ಸಡಿಲಾಗಿಲ್ಲ. ದಡ್ಡನ ಕೈ, ಆದರೆ ಬಿಗಿದದ್ದು ಬಿಗಿಯಾಗಿಯೇ ಇದೆ.