ಮಸಿ ಬಿದ್ದ ಮೂಲೆ

ವೆಂಕಣ್ಣ ಮಾಸ್ತರರ ಜೀವನದ ಮೇಲೆ ಸಿನಿಮಾ ಆಗುತ್ತದೆಂಬ ಸುದ್ದಿ ಅಣ್ಣಿಗೇರಿಗೆ ಬಂದು ಎರಡು ತಿಂಗಳಾಗಿತ್ತು. ನಾಡಿಗೇ ದೊಡ್ಡ ಕಾದಂಬರಿಕಾರರಾಗುವ ಮೊದಲು ಅವರು ಈ ಊರಿನ ಶಾಲೆಯಲ್ಲಿ ಮೂರು ವರ್ಷ ಕಲಿಸಿದ್ದರು. ಮಲ್ಲಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಒಮ್ಮೆ ಜ್ವರ ಬಂದು ಮಲಗಿದಾಗ ಮಲ್ಲಕ್ಕ ಹಳೆಯ ಬಟ್ಟೆಯ ತುಂಡು ಕೂಡಿಸಿ ಹೊಲಿದ ತನ್ನ ಕೌದಿ ಹೊದಿಸಿದ್ದಳು. ಮಾಸ್ತರರು ಜ್ವರದಲ್ಲೂ ಬರೆಯುವುದು ಬಿಡದೆ ಅದರ ಮೇಲೆ ಮಸಿಕುಡಿಕೆ ಉರುಳಿಸಿದರು. ಮುಂದೆ ತಮ್ಮ ಆತ್ಮಕಥೆಯಲ್ಲಿ, "ಮಲ್ಲಕ್ಕ ಒಂದು ಮಾತೂ ಅನ್ನಲಿಲ್ಲ, ಗಂಜಿ ತಂದುಕೊಟ್ಟಳು" ಎಂದು ಬರೆದರು. ಮಲ್ಲಕ್ಕ ಎರಡು ದಿನ ಬೈದಿದ್ದಳು. ಗಂಜಿ ಕೊಟ್ಟದ್ದು ಮಾತ್ರ ಖರೆ.

ಆ ಕೌದಿ ಸಿನಿಮಾಕ್ಕೆ ಬೇಕೆಂದು ಧಾರವಾಡದ ಪಂಢರಿನಾಥ ಪತ್ರ ಬರೆದಿದ್ದ. ಸಿನಿಮಾದವರಿಗೆ ಹಳೆಯ ಸಾಮಾನು ಕೂಡಿಸಿಕೊಡುವುದು ಅವನ ಕೆಲಸ. ಅಂದಿನಿಂದ ಓಣಿಗೆ ಓಣಿಯೇ ಸಿನಿಮಾ ಟೆಂಟಿನಲ್ಲಿ ಕೂತು ಕೌದಿ ನೋಡುವ ದಿನಕ್ಕೆ ಕಾಯುತ್ತಿತ್ತು.

"ನಿನ್ನ ಪಾರ್ಟು ಯಾರು ಮಾಡ್ತಾರಬೇ?" ಎಂದು ಬಾಜೂಮನೆಯ ಫಾತಿಮಾಬಿ ಕೆಣಕುತ್ತಿದ್ದಳು.

"ಯಾರರ ಮಾಡ್ಲಿ ತಗೊ. ಕೌದಿ ಪಾರ್ಟು ಮಾತ್ರ ಕೌದೀನ ಮಾಡತೈತಿ."

ಪಂಢರಿನಾಥ ಬಂದ ದಿನ ಮಲ್ಲಕ್ಕ ಚಹಾ ಕೊಟ್ಟು ಕೌದಿಯನ್ನು ತಂದು ಮುಂದಿಟ್ಟಳು. ಕೆಂಪು, ಹಳದಿ, ಹಸಿರು ತುಂಡುಗಳು. ಹೊಸ ನೂಲಿನ ವಾಸನೆ. ಅವನು ಎರಡೂ ಮಗ್ಗಲು ತಿರುವಿ ನೋಡಿದ.

"ಅವ್ವಾರ, ಇದು ಹೊಸಾದಲ್ರೀ? ಹಳೇದು ಎಲ್ಲದ?"

"ಇದರ ಒಳಗ ಐತ್ರಿ. ಹರದಿತ್ತು, ಮಸಿ ಬ್ಯಾರೆ. ನಾಕು ಮಂದಿ ನೋಡೂ ಜಾಗಕ್ಕ ಹಂಗ ಹ್ಯಾಂಗ ಕಳಸೂದ್ರಿ? ನಾನೂ ಫಾತಿಮಾಬೀನೂ ಕೂಡಿ ಮ್ಯಾಲೆ ಹೊಸಾ ಅರಿವಿ ಹಚ್ಚೀವಿ."

ಪಂಢರಿನಾಥ ಕಪ್ಪು ಕೆಳಗಿಟ್ಟ. "ನಮಗ ಆ ಮಸೀನ ಬೇಕಾಗಿತ್ರಿ. ಮಸಿ ಕಾಣದಿದ್ರ ಒಯ್ದು ಉಪಯೋಗಿಲ್ಲ. ಬಿಚ್ಚಲಿಕ್ಕೆ ಬರ್ತದೇನು?"

"ಹೊಟ್ಟಿ ತುಂಬಿಸಿದ ಕೌದಿ ಬಿಚ್ಚೂದಿಲ್ರಿ," ಎಂದಳು ಬಾಗಿಲಲ್ಲಿ ನಿಂತ ಫಾತಿಮಾಬಿ.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ, ನಾಲ್ಕು ಜೋಳದ ಕಾಳು ಒಳಗಿಟ್ಟು ಹೊಲಿಯುವುದು ಆ ಓಣಿಯ ರೂಢಿ. ಹೊದ್ದವರು ಹಸಿದು ಮಲಗಬಾರದು. ಮತ್ತೆ ಬಿಚ್ಚಿದರೆ ಅವರ ಬಾಯಿಯ ತುತ್ತು ಕಸಿದಂತೆ.

ಮಲ್ಲಕ್ಕ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಾಸ್ತರರು ಬೈಗುಳ ಮರೆತು ಗಂಜಿಯಷ್ಟನ್ನೇ ನೆನಪಿಟ್ಟ ಮನುಷ್ಯ. ಅವರ ಗುರುತನ್ನು ತಾನೇ ಕೈಯಾರೆ ಹೊಲಿದು ಮುಚ್ಚಿದ್ದಾಯಿತು.

"ಒಂದ ಮೂಲಿ ಸಾಕಾಕ್ಕತೇನ್ರಿ?" ಎಂದು ಕೇಳಿದಳು.

"ಸಾಕ್ರಿ. ಉಳಿದದ್ದು ಮಡಚಿಡೂಣಂತ."

ಮಸಿ ಇದ್ದದ್ದು ಆ ಕೊನೆಯ ಮೂಲೆಯಲ್ಲೇ. ಆಕೆ ಕತ್ತರಿ ತಂದು ಒಂದೊಂದೇ ಹೊಲಿಗೆ ಬಿಚ್ಚಿದಳು. ಒಣಗಿದ ರೊಟ್ಟಿ, ಕಾಳು ಕೆಳಗೆ ಬೀಳದಂತೆ ಫಾತಿಮಾಬಿ ಬಂದು ಸೆರಗೊಡ್ಡಿದಳು. ಹೊಸ ಬಟ್ಟೆಯ ಕೆಳಗೆ ಅಂಗೈಯಗಲದ ನೀಲಿ ಕಲೆ ಕಂಡಿತು. ಪಂಢರಿನಾಥ ಅದನ್ನು ಮುಟ್ಟಲಿಲ್ಲ. ಬಗ್ಗಿ ನೂಲಿನ ಎಳೆಗಳನ್ನು ಊದಿದ.

"ಕೆಲಸ ಮುಗದ ಮ್ಯಾಲೆ ಹೊಲಿಸಿ ಕಳಸ್ತೇನ್ರಿ."

"ಹೊಲಸೂಮುಂದ ಹೊಟ್ಟಿ ತುಂಬಸ್ರಿ. ಒಂದು ಚೂರು ರೊಟ್ಟಿ, ನಾಕು ಕಾಳು. ಧಾರವಾಡದಾವ್ರು, ಪೇಢೆ ಹಾಕೀರಿ ಮತ್ತ, ಇರಿವಿ ಹತ್ತತಾವ."

ಪಂಢರಿನಾಥ ಕಿಸೆಯಿಂದ ಸಾಮಾನಿನ ಪಟ್ಟಿ ತೆಗೆದು, ಕೌದಿಯ ಹೆಸರಿನ ಮುಂದೆ ಒಂದು ಚೂರು ರೊಟ್ಟಿ, ನಾಲ್ಕು ಕಾಳು ಎಂದೂ ಬರೆದುಕೊಂಡ.