ನೋವಿನ ಗುಳಿಗೆ

ಮಾನವಿ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಮೇಯುತ್ತಿದ್ದ ಕುರಿಹಿಂಡನ್ನು ತಮ್ಮನಿಗೆ ಒಪ್ಪಿಸಿ, ರೇವಣಸಿದ್ದ ಎಷ್ಟೋ ದಿನಗಳ ಮೇಲೆ ದೇವದುರ್ಗದಾಚೆಗಿನ ತನ್ನೂರಿಗೆ ಬಂದಾಗ, ಮನೆಯ ಹೊಸ್ತಿಲ ಹೊರಗೆ ಗುರುತಿಲ್ಲದ ಚಪ್ಪಲಿಗಳಿದ್ದವು. ಹೆಣ್ಣುಮಕ್ಕಳ ಚಪ್ಪಲಿ, ಪಟ್ಟಣದವು. ಒಳಗೆ ಮಾತು ಕೇಳುತ್ತಿತ್ತು. ನಡುನಡುವೆ ನಗೆಯೂ ಇತ್ತು. ಅವನು ಕೆಮ್ಮಿ ಒಳಗೆ ಕಾಲಿಟ್ಟದ್ದೇ ತಡ, ಎಲ್ಲ ನಿಂತುಹೋಯಿತು.

ಮಗಳು ಭಾಗ್ಯಜ್ಯೋತಿ ಮಡಚಿಟ್ಟ ಕೌದಿಗೆ ಒರಗಿದ್ದಳು. ಪಕ್ಕದಲ್ಲಿ ಹೆಂಡತಿ ಯಮನಮ್ಮ. ಎದುರಿಗೆ, ತಲೆಯ ಮೇಲೆ ದುಪಟ್ಟಾ ಹೊದ್ದ ನಡುವಯಸ್ಸಿನ ಹೆಂಗಸೊಬ್ಬಳು ಚಾಪೆಯ ಮೇಲೆ ಕಾಲು ಮಡಚಿ, ತನ್ನದೇ ಮನೆಯೇನೋ ಎಂಬಂತೆ ಕೂತಿದ್ದಳು.

"ಬರ್ರಿ ಅಣ್ಣಾರ," ಎಂದಳು. ಅವನ ಮನೆಗೆ ಅವನನ್ನೇ ಬರಮಾಡಿಕೊಂಡಳು. "ನಾ ಕಮರುನ್ನೀಸಾ ರೀ. ರಾಯಚೂರು ಆಸ್ಪತ್ರಿ ನರ್ಸ್."

"ಆಸ್ಪತ್ರಿಯೋರು ಇಲ್ಲಿತನ ಯಾಕ ಬಂದ್ರಿ?"

"ಜ್ಯೋತಿನ್ನ ನೋಡಾಕ."

ನೋಡಲು ಇನ್ನೇನು ಉಳಿದಿತ್ತು? ಎರಡು ವರ್ಷದ ಹಿಂದೆ ಹುಡುಗಿಯ ಮೊಣಕಾಲ ಮೇಲೆ ಬಾವು ಬಂದಿತ್ತು. ಆಟದಲ್ಲಿ ಬಿದ್ದಿರಬೇಕೆಂದು ಎಣ್ಣೆ ತಿಕ್ಕಿದರು. ಎಲುಬಿನ ಕ್ಯಾನ್ಸರ್ ಎಂದು ಗೊತ್ತಾಗಿ, ಹೈದರಾಬಾದಿಗೆ ಒಯ್ದು, ಅಲ್ಲಿ ಕಾಲು ತೆಗೆಸಿ, ತಲೆಗೂದಲು ಉದುರುವ ಸಲೈನು ಏರಿಸಿ ಕರೆತರುವಷ್ಟರಲ್ಲಿ ಅರ್ಧ ಹಿಂಡು ಕರಗಿತ್ತು. ಹೋದ ತಿಂಗಳು ರಾಯಚೂರಿನ ಡಾಕ್ಟರ್ ಶೈಲಶ್ರೀ ಗಂಡ ಹೆಂಡತಿಯನ್ನು ಕೂರಿಸಿಕೊಂಡು, ರೋಗ ಬೆನ್ನಿನ ಎಲುಬಿಗೂ ಶ್ವಾಸಕೋಶಕ್ಕೂ ಏರಿದೆ, ಅದನ್ನು ವಾಸಿ ಮಾಡುವ ಔಷಧಿ ಇನ್ನು ಇಲ್ಲ ಎಂದು ನಿಧಾನವಾಗಿ ಹೇಳಿದ್ದರು. ಆಮೇಲೆ ಇನ್ನೂ ಏನೇನೋ ಹೇಳಿದರು. ನೋವು ಇಳಿಸುವ ಮಾತು, ಮನೆಗೇ ಬಂದು ನೋಡಿಕೊಳ್ಳುವ ಮಾತು. ಅದೆಲ್ಲ ಯಮನಮ್ಮನ ಕಿವಿಗೆ ಬಿದ್ದಿತ್ತು. ರೇವಣಸಿದ್ದನ ಕಿವಿ 'ಇನ್ನು ಇಲ್ಲ' ಎಂಬಲ್ಲಿಗೇ ಮುಚ್ಚಿಹೋಗಿತ್ತು. ಹೊರಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಹುಡುಗಿ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು."

ಈಗ ಈ ನರ್ಸು ಅವನ ಎದುರೇ ಹುಡುಗಿಯನ್ನು ವಿಚಾರಿಸುತ್ತಿದ್ದಳು. ಏನು ತಿನ್ನಬೇಕು ಅನಿಸುತ್ತದೆ? ಮಗ್ಗುಲಲ್ಲಿ ಯಾರು ಮಲಗುತ್ತಾರೆ? ಯಾವುದಕ್ಕೆ ಅಂಜಿಕೆ ಬರುತ್ತದೆ? ಗೆಳತಿಯರು ಬರುತ್ತಾರಾ? ಕಾಲಿನ ಮಾತಿಲ್ಲ, ಎದೆಯ ಮಾತಿಲ್ಲ. ರೇವಣಸಿದ್ದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಬಾಯನ್ನೇ ನೋಡುತ್ತಿದ್ದ. ಸಂತೆಯಲ್ಲಿ ಟಗರು ಕೊಳ್ಳಲು ಬರುವ ದಲ್ಲಾಳಿಗಳು ಹೀಗೆಯೇ. ಮಳೆ ಬೆಳೆ, ಹೆಂಡತಿ ಮಕ್ಕಳು ಎಲ್ಲ ಕೇಳುತ್ತಾರೆ, ಟಗರಿನ ಸುದ್ದಿ ಮಾತ್ರ ಎತ್ತುವುದಿಲ್ಲ. ಹೆಚ್ಚು ಸವಿ ಮಾತಾಡುವವನ ಕೈ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು. ಅವನು ಕಲಿತದ್ದು ಅದನ್ನೇ.

ಹೊರಡುವ ಮುಂಚೆ ನರ್ಸು ಯಮನಮ್ಮನನ್ನು ಹಿತ್ತಲಿಗೆ ಕರೆದು ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಯಮನಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡು ಒಳಗೆ ಬಂದಳು.

"ಏನಂದ್ಲು?"

"ಏನಿಲ್ಲ. ಗುಳಿಗಿ ಹೊತ್ತು ಹೊತ್ತಿಗೆ ಕೊಡಂದ್ರು. ನೋವು ಬರೋತನ ಕಾಯಬ್ಯಾಡ ಅಂದ್ರು."

ಬಿಳಿ ಗುಳಿಗೆ. ತೀರಾ ಸಣ್ಣವು. ನರ್ಸು ಹಿಂದಿನ ಸಲ ಬಂದಾಗ ಬಿಟ್ಟುಹೋದ ಅವನ್ನು ಕೊಡಲು ಶುರುಮಾಡಿ ಎರಡೇ ದಿನವಾಗಿತ್ತು. ಹುಡುಗಿ ಅಂದು ಮಧ್ಯಾಹ್ನವೆಲ್ಲ ನಿದ್ದೆಹೋದಳು. ಕರೆದರೆ ಅರ್ಧ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಮೊದಮೊದಲು ನಿದ್ದೆ ಜಾಸ್ತಿ, ಆಮೇಲೆ ತಾನೇ ಸರಿಹೋಗುತ್ತದೆ ಎಂದು ನರ್ಸು ಹೇಳಿದ್ದಾಳೆ ಅಂದಳು ಯಮನಮ್ಮ. ಅದೂ ನರ್ಸೇ ಹೇಳಿದ್ದು!

ಪಡಸಾಲೆಯಲ್ಲಿ ಕೂತಿದ್ದ ಅವನ ತಾಯಿ ಮುದುಕಮ್ಮ ಎಲೆಯಡಿಕೆ ಕುಟ್ಟುತ್ತ ನೆಲಕ್ಕೆ ಹೇಳುವಂತೆ ಹೇಳಿದಳು. "ಆಸ್ಪತ್ರ್ಯಾಗ ಆಗಂಗಿಲ್ಲ ಅಂದೋರು ಮನಿತನ ಹುಡುಕ್ಕೊಂಡು ಬರ್ತಾರಂದ್ರ, ಪುಕ್ಕಟೆ ಗುಳಿಗಿ ಕೊಡ್ತಾರಂದ್ರ, ಏನೈತೋ ಯಪ್ಪಾ ಅದರಾಗ. ನೆಲಾ ಹಿಡಿದ ಕುರಿಗಿ ಏನು ಮಾಡ್ತೀವಿ, ನಿಂಗ ನಾ ಹೇಳ್ಬೇಕೇನು?"

ಏಳಲಾರದ ಕುರಿಯ ಸಂಕಟ ನೋಡಲಾರದೆ ಏನು ಮಾಡುತ್ತಾರೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಹಿಂಡಿನಲ್ಲಿ ಆ ಕೆಲಸ ಅವನದೇ. ಕುರಿಗೆ ಗೊತ್ತಾಗದ ಹಾಗೆ, ಕತ್ತು ಸವರುತ್ತ, ಸವಿ ಮಾತಾಡುತ್ತಲೇ ಮಾಡುತ್ತಿದ್ದ.

ಮರುದಿನ ಹಿಂಡಿನ ನೆಪ ಹೇಳಿ ಮಾನವಿಗೆ ಹೋದ. ಅಂಗಿಯ ಜೇಬಿನಲ್ಲಿ ಒಂದು ಗುಳಿಗೆಪಟ್ಟಿ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರ ಶಾಕಿರನ ಔಷಧಿ ಅಂಗಡಿ. ಕುರಿಗಳಿಗೆ ಜಂತಿನ ಔಷಧಿಯನ್ನು ರೇವಣಸಿದ್ದ ಯಾವಾಗಲೂ ಅಲ್ಲಿಯೇ ಕೊಳ್ಳುತ್ತಿದ್ದ. ಶಾಕಿರ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿ, ಸುತ್ತ ಯಾರಾದರೂ ನೋಡುತ್ತಿದ್ದಾರಾ ಎಂದು ನೋಡಿ, ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಇದು ನಿನ್ನತ್ರ ಹೆಂಗ್ ಬಂತೋ?"

"ಏನಿದು?"

"ಮಾರ್ಫಿನ್. ಅಫೀಮು ಅಂತಾರಲ್ಲ, ಅದರ ಜಾತಿ. ನಮ್ಮಂಥ ಅಂಗಡ್ಯಾಗ ಇಡಂಗಿಲ್ಲಪಾ, ಇಟ್ರ ಪೊಲೀಸ್ರು ಬರ್ತಾರ. ಲೆಕ್ಕ ತಪ್ಪಿ ತಗೊಂಡ್ರ ಉಸಿರೇ ನಿಲ್ತದ. ಕಿಸೆದಾಗ ಇಟ್ಕೊಂಡು ತಿರಗಬ್ಯಾಡ, ಕೊಟ್ಟೋರನ್ನ ಕೇಳು ಹೋಗು."

ಕೊಟ್ಟವರನ್ನು ಕೇಳು ಎಂಬ ಮಾತು ರೇವಣಸಿದ್ದನ ತಲೆಗೆ ಹೋಗಲಿಲ್ಲ. ಉಸಿರು ನಿಲ್ಲುತ್ತದೆ ಎಂಬುದಷ್ಟೇ ಹೋಯಿತು. ಕುರಿಹಟ್ಟಿಗೆ ಹೋಗದೆ ಸಿಕ್ಕ ಬಸ್ಸಿಗೆ ಹತ್ತಿ ಊರಿಗೆ ಮರಳಿದ. ಗೋಡೆಯ ಗೂಡಿನಲ್ಲಿದ್ದ ಗುಳಿಗೆಗಳನ್ನೆಲ್ಲ ತೆಗೆದು ಕಂಬಳಿಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡ.

ಯಮನಮ್ಮ ಅಡ್ಡ ಬಂದಳು. "ಅವು ಯಾಕ ಬೇಕು ನಿನಗ? ಕೊಡು!"

"ನೀನೂ ಅವರ ಜೋಡಿ ಕೂಡಿಯೇನು? ನನ್ನ ಮಗಳಿಗೆ ವಿಷಾ ಹಾಕಾಕತ್ತೀರಿ, ನಾ ಸುಮ್ನ ನೋಡ್ಕೊಂತ ಕುಂದರ್ಲೇನು?"

"ವಿಷಾ ಅಂತಿ? ಒಂದು ರಾತ್ರಿನರ ಅಕಿ ಮಗ್ಗಲಕ ಇದ್ದೀಯೇನು ನೀ? ಇಲ್ಲಿತನ ಅಕಿ ಹೆಂಗ ಮಲಗ್ಯಾಳ, ನಿಂಗೇನು ಗೊತ್ತದ? ನೀ ಅಲ್ಲಿ ಹಟ್ಯಾಗ!"

ಅವನು ಕೇಳಲಿಲ್ಲ. ಬಾಗಿಲಲ್ಲಿ ಕಾವಲು ಕೂತ.

ಹೊತ್ತು ಇಳಿಯುತ್ತ ಹುಡುಗಿಯ ಮುಖ ಬೂದಿಬಣ್ಣಕ್ಕೆ ತಿರುಗಿತು. ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಏನಾದರೂ ಮಾಡಲು ತೋಚುತ್ತಿತ್ತೇನೋ. ಅವಳು ಗೋಡೆಯ ಕಡೆ ಹೊರಳಿ ಕೌದಿಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಅವನು ಹತ್ತಿರ ಹೋದಾಗ ಅಂಚನ್ನು ಬಿಟ್ಟು, ಕಣ್ಣು ಮುಚ್ಚಿ, ನಿದ್ದೆ ಬಂದವಳಂತೆ ಉಸಿರಾಡುತ್ತಿದ್ದಳು. ಅವನು ಎದ್ದು ಹೋದನೆಂದು ತಿಳಿದ ಮೇಲೆ ಮತ್ತೆ ಕಚ್ಚುತ್ತಿದ್ದಳು. ಅವನು ಹೋಗದೆ ಬಾಗಿಲ ಮರೆಯಲ್ಲಿ ನಿಂತು ನೋಡಿದ. ತನ್ನನ್ನು ಮೋಸಗೊಳಿಸುವುದನ್ನು ಈ ಹುಡುಗಿ ಯಾವಾಗ ಕಲಿತಳು?

ಹಿತ್ತಲಿನಲ್ಲಿ ಯಮನಮ್ಮ ಫೋನು ಹಿಡಿದು ನರ್ಸಿನ ಜೊತೆ ಅಳುತ್ತಿದ್ದಳು. ಫೋನನ್ನು ಹಾಗೆಯೇ ಒಳಗೆ ತಂದು ಮಗಳ ಕಿವಿಗೆ ಹಿಡಿದಳು. ನರ್ಸನ್ನು ಅಕ್ಕ ಎನ್ನುವಂತೆ ಆಪಾ ಎಂದು ಕರೆಯುತ್ತಿದ್ದ ಜ್ಯೋತಿಯ ದನಿ ಎಳೆಯೆಳೆಯಾಗಿ ಕೇಳಿತು: "ಆಪಾ, ಅಪ್ಪಗ ಮಾತ್ರ ಹೇಳಬ್ಯಾಡ್ರಿ... ನೀವು ಮಾತು ಕೊಟ್ಟೀರಿ."

ಸಿಕ್ಕಿತು ಎಂದುಕೊಂಡ ರೇವಣಸಿದ್ದ. ಇದೆ, ಏನೋ ಇದೆ. ಮೂವರೂ ಕೂಡಿ ಮುಚ್ಚಿಟ್ಟದ್ದು. ಅನುಮಾನ ಸುಳ್ಳಲ್ಲ ಎಂದು ಗೊತ್ತಾದಾಗ ಮನುಷ್ಯನಿಗೆ ಒಂದು ಬಗೆಯ ಸಮಾಧಾನವಾಗುತ್ತದೆ. ಅವನಿಗೆ ಅದೂ ಆಗಲಿಲ್ಲ.

ಕಮರುನ್ನೀಸಾ ಬೆಳಗಿನ ಮೊದಲ ಬಸ್ಸಿಗೇ ಬಂದಳು. ಅವನು ಹೊಸ್ತಿಲಲ್ಲಿ ಅಡ್ಡ ನಿಂತ.

"ಅಫೀಮು ಕೊಟ್ಟು ನನ್ನ ಮಗಳನ್ನ ಮಲಗಿಸಾಕತ್ತೀರಿ. ಮಾನವ್ಯಾಗ ಎಲ್ಲಾ ಕೇಳ್ಕೊಂಡು ಬಂದೀನಿ. ಇಲ್ಲ ಅನ್ರಿ ನೋಡೂಣು."

"ಮಾರ್ಫಿನ್ನ ಅಣ್ಣಾ ಅದು. ಇಲ್ಲ ಅನ್ನಂಗಿಲ್ಲ," ಎಂದಳು ಅವಳು. ದನಿ ಏರಿಸಲಿಲ್ಲ. "ಹೆಚ್ಚಾದ್ರ ಉಸಿರಿಗೆ ತೊಂದ್ರಿ, ಅದೂ ಖರೇ. ಅದಕ್ಕ ಡಾಕ್ಟರ್ ಅಕಿ ತೂಕಾ ನೋಡಿ, ಸಣ್ಣ ಅಳತಿ ಹಾಕಿ ಕೊಟ್ಟಾರ. ನಿಮ್ಮ ಮುಂದನ ಹೇಳಬೇಕಿತ್ತು ನಾ. ಹೇಳಲಿಲ್ಲ, ಅದು ನನ್ನ ತಪ್ಪು."

ಅವಳು ವಾದಕ್ಕೆ ಬರುತ್ತಾಳೆ ಎಂದು ಎಣಿಸಿದ್ದವನು ಇನ್ನೊಂದು ಮಾತು ಎತ್ತಿದ. "ಮತ್ತ ನಂಗ ಹೇಳಬ್ಯಾಡ ಅಂದದ್ದು ಏನು? ನಿನ್ನಿ ಫೋನಿನ್ಯಾಗ?"

ಕಮರುನ್ನೀಸಾ ಅವನ ಭುಜದ ಮೇಲಿನಿಂದ ಒಳಗೆ ನೋಡಿದಳು. "ಹೇಳ್ಲೇನವಾ?"

"ನಾನ ಹೇಳ್ತೀನಿ," ಎಂದಳು ಜ್ಯೋತಿ.

ಅವನು ಒಳಗೆ ಬಂದು ಅವಳ ತಲೆಯ ಹತ್ತಿರ ಕೂತ. ಅವಳು ತಡೆತಡೆದು ಮಾತಾಡಿದಳು, ನೋವು ಎಳೆದಾಗ ನಿಲ್ಲಿಸಿ, ಮತ್ತೆ ಎತ್ತಿಕೊಂಡು.

"ಯಪ್ಪಾ, ನಂಗ ಗೊತ್ತದ. ನಾ ಉಳಿಯಂಗಿಲ್ಲ ಅಂತ. ರಾಯಚೂರಾಗ ನಿಮ್ಮ ಮಾರಿ ನೋಡೇ ತಿಳೀತು. ಆಪಾನ್ನ ಕೇಳಿದೆ, ಅವರು ಸುಳ್ಳು ಹೇಳಲಿಲ್ಲ. ನಿನಗ ಹೇಳಬ್ಯಾಡ್ರಿ ಅಂತ ನಾನ ಅಂದಿದ್ದೆ. ನಂಗ ಗೊತ್ತದ ಅಂತ ನಿನಗ ತಿಳಿದ್ರ, ನೀ ಸುಮ್ನ ಕುಂದ್ರಂಗಿಲ್ಲ. ಉಳಿದ ಕುರಿ ಮಾರಿ ಮತ್ತ ಹೈದರಾಬಾದಿಗೆ ಹೊತ್ಕೊಂಡು ಹೋಗ್ತಿ. ಆ ಸಲೈನು, ಆ ವಾಂತಿ... ನಂಗ ಬ್ಯಾಡಪ್ಪ. ನಂಗ ಹಟ್ಟಿಗೆ ಬರಬೇಕಾಗ್ಯದ. ಈ ನೋವಿನಾಗ ಹೆಂಗ ಬರ್ಲಿ?"

ಯಾವ ಮಾತು ಮಗಳ ಕಿವಿಗೆ ಬೀಳಬಾರದೆಂದು ರೇವಣಸಿದ್ದ ಹೆಂಡತಿಯನ್ನು ಗದರಿಸಿದ್ದನೋ, ಅದೇ ಮಾತನ್ನು ಮಗಳು ಅವನಿಂದ ಮುಚ್ಚಿಟ್ಟು ಕಾಪಾಡಿದ್ದಳು.

ಆದರೂ ಅನುಮಾನ ಹೋಗಲಿಲ್ಲ. ಕಂಬಳಿ ಬಿಚ್ಚಿ, ಪಟ್ಟಿಯನ್ನು ನರ್ಸಿನ ಮುಂದೆ ಹಿಡಿದ. "ಮೊದಲು ನೀವು ನುಂಗ್ರಿ."

"ನಾ ನುಂಗಿದ್ರ ನಿಮಗೇನು ತಿಳಿದಂಗಾತು? ನಂಗ ನೋವಿಲ್ಲ, ನಾ ಬರೇ ಮಲಗ್ತೀನಿ," ಎಂದಳು ಅವಳು. "ನೀವ ಕೊಡ್ರಿ. ನೀವ ಕುಂತು ನೋಡ್ರಿ. ನಾನೂ ಇಲ್ಲೇ ಇರ್ತೀನಿ. ಸಂಜಿತನ ಎಲ್ಲಿಗೂ ಹೋಗಂಗಿಲ್ಲ."

ಜ್ಯೋತಿ ಕೈ ಚಾಚಿದಳು. ಅವನು ಪಟ್ಟಿಯಿಂದ ಗುಳಿಗೆ ಬಿಡಿಸಿ ಅವಳ ಅಂಗೈಗೆ ಹಾಕಿ, ತಂಬಿಗೆ ಎತ್ತಿ ನೀರು ಕುಡಿಸಿದ. ಆಮೇಲೆ ಅವಳ ಮೂಗಿನ ಕೆಳಗೆ ಬೆರಳು ಹಿಡಿದು ಕೂತ. ಉಸಿರು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಲ್ಲು ಕಚ್ಚಿದ ದವಡೆ ಸಡಿಲಾಯಿತು. ಹಣೆಯ ಗೆರೆಗಳು ಒಂದೊಂದಾಗಿ ಮಾಯವಾದವು. ಬಿಗಿದಿದ್ದ ಮುಷ್ಟಿ ತಾನಾಗಿ ತೆರೆಯಿತು. ಅವಳು ನಿದ್ದೆ ಹೋದಳು, ಅವನು ಬೆರಳು ತೆಗೆಯಲಿಲ್ಲ. ಯಮನಮ್ಮ ರೊಟ್ಟಿ ತಂದಿಟ್ಟರೂ ಮುಟ್ಟಲಿಲ್ಲ. ಕಮರುನ್ನೀಸಾ ಗೋಡೆಗೆ ಒರಗಿ ಅವನನ್ನೂ ಅವಳನ್ನೂ ನೋಡುತ್ತ ಕೂತಿದ್ದಳು.

ಬಿಸಿಲು ಅಂಗಳ ದಾಟುವ ಹೊತ್ತಿಗೆ ಹುಡುಗಿ ಕಣ್ಣು ತೆರೆದಳು. ಅವನ ಬೆರಳನ್ನು ಮೂಗಿನಿಂದ ಸರಿಸಿ, "ಕುರಿ ವಾಸನಿ ಬರ್ತದ, ತೆಗಿ ಯಪ್ಪಾ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, ಮಂಡಕ್ಕಿ ಒಗ್ಗರಣೆ ಮಾಡಿಕೊಡು, ಖಾರ ಹೆಚ್ಚಿರಲಿ ಎಂದಳು. ಮುದುಕಮ್ಮ ಕುಟ್ಟುವುದನ್ನು ನಿಲ್ಲಿಸಿ ಮೊಮ್ಮಗಳನ್ನೇ ನೋಡಿದಳು. ಹುಡುಗಿ ಬಾಯಿಬಿಟ್ಟು ಏನನ್ನಾದರೂ ಬೇಡಿ ಎಷ್ಟು ಕಾಲವಾಗಿತ್ತೋ.

ಅಂದಿನಿಂದ ಗುಳಿಗೆ ಕೊಡುವುದು ರೇವಣಸಿದ್ದನ ಕೆಲಸವಾಯಿತು. ಬೇರೆಯವರ ಕೈಗೆ ಅವನು ಕೊಡುತ್ತಿರಲಿಲ್ಲ. ನಂಬಿಕೆ ಬಂದಿತ್ತು ಎನ್ನಲಾಗದು. ಪ್ರತಿ ಸಲವೂ ಕೊಟ್ಟು, ಕೂತು, ಎದೆ ಏರಿಳಿಯುವುದನ್ನು ನೋಡಿಯೇ ಏಳುತ್ತಿದ್ದ. ಡಾಕ್ಟರ್ ಶೈಲಶ್ರೀ ಫೋನಿನಲ್ಲಿ ಕೇಳಿ ಅಳತೆ ಬದಲಿಸಿದಾಗ, ಯಾಕೆ ಎಂದು ಒರಟಾಗಿ ಕೇಳುತ್ತಿದ್ದ. ಅವರು ಬಿಡಿಸಿ ಹೇಳುತ್ತಿದ್ದರು. ನಿದ್ದೆಯ ಮಂಪರು ಹರಿದು, ಹುಡುಗಿ ದಿನವಿಡೀ ಎಚ್ಚರಿದ್ದು ಮಾತಾಡುವಂತಾದಳು.

ಟಂಟಂ ಆಟೋ ಒಂದನ್ನು ಗೊತ್ತುಮಾಡಿ, ಅದರಲ್ಲಿ ಹುಲ್ಲು ಹರಡಿ, ಮೇಲೆ ಕೌದಿ ಹಾಸಿ ಅವಳನ್ನು ಮಾನವಿಯ ಹಟ್ಟಿಗೆ ಕರೆದೊಯ್ದರು. ಕಾಲುವೆಯ ಪಕ್ಕದ ಗದ್ದೆ. ಕುರಿಗಳು ಈಯುವ ಕಾಲ. ಆಗಷ್ಟೇ ಹುಟ್ಟಿದ ಮರಿಯೊಂದನ್ನು ಅವಳ ಮಡಿಲಿಗೆ ಹಾಕಿದರೆ ಅದು ಅವಳ ದುಪಟ್ಟಾದ ತುದಿಯನ್ನೇ ಚೀಪತೊಡಗಿತು. ಅವಳು ಚಿಕ್ಕಪ್ಪನಿಗೆ ಕೆಲಸ ಹೇಳಿದಳು, ಕುರಿಗಳಿಗೆ ಹೆಸರಿಟ್ಟಳು, ಯಮನಮ್ಮನ ಜೊತೆ ಜಗಳವಾಡಿದಳು. ಕಮರುನ್ನೀಸಾ ಅಲ್ಲಿಗೂ ಬಂದು, ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು, ಬರಿಗಾಲಲ್ಲಿ ಹೋದಳು.

ಉಸಿರು ಕಟ್ಟುವುದು ಹೆಚ್ಚಾದಾಗ ಊರಿಗೆ ಕರೆತಂದರು. ಒಂದು ಮಧ್ಯಾಹ್ನ ತಾಯಿಯ ತೊಡೆಯ ಮೇಲೆ, ಅಪ್ಪನ ಕೈ ಹಿಡಿದುಕೊಂಡೇ ಜ್ಯೋತಿ ಹೋದಳು. ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

ಕೆಲವು ವಾರಗಳ ಮೇಲೆ ಕಮರುನ್ನೀಸಾ ಮತ್ತೆ ಬಂದಾಗ, ರೇವಣಸಿದ್ದ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಎದ್ದು ನಿಂತ. "ಹುಡುಗಿನ ಇಲ್ಲ. ಈಗ್ಯಾಕ ಬಂದ್ರಿ?"

"ನಿಮ್ಮನ್ನ ನೋಡಾಕ. ಯಮನಮ್ಮನ್ನ ನೋಡಾಕ."

ಅವಳು ಕಟ್ಟೆಯ ಮೇಲೆ ಕೂತಳು. ಯಮನಮ್ಮ ಚಹಾಕ್ಕೆ ನೀರಿಟ್ಟಳು. ಅವನು ಹಗ್ಗ ಹೊಸೆಯುತ್ತಲೇ, ತಲೆಯೆತ್ತದೆ ಕೇಳಿದ: "ಒಂದು ಮಾತು. ಆ ಗುಳಿಗಿಯಿಂದ ಅಕಿ ಒಂದೆರಡು ದಿನ ಮೊದ್ಲ ಹೋದ್ಲೇನು? ಖರೇ ಹೇಳ್ರಿ. ಕೊಟ್ಟೋನು ನಾ."

"ಇಲ್ಲಣ್ಣ. ರೋಗ ಒಯ್ತು ಅಕಿನ್ನ. ಗುಳಿಗಿ ನೋವಷ್ಟ ಒಯ್ತು."

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಹಗ್ಗ ಅವನ ಕೈಯಿಂದ ಜಾರಿತು. ಮಣ್ಣು ಮಾಡಿದ ದಿನವೂ ಅಳದಿದ್ದವನು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಚಹಾ ಬಂದ ಮೇಲೆ ಅವಳು ಕೇಳಿದಳು: "ನಾನೂ ಒಂದು ಕೇಳ್ಲೇನು? ನನ್ನ ಮ್ಯಾಲ ಅಷ್ಟು ಸಂಶೆ ಇತ್ತು ನಿಮಗ. ಮತ್ತ ಆವತ್ತು ಗುಳಿಗಿ ಯಾಕ ಕೊಟ್ರಿ?"

"ನಿಮ್ಮನ್ನ ನಂಬಿ ಕೊಡಲಿಲ್ಲಬೇ," ಎಂದ ರೇವಣಸಿದ್ದ. "ಅಕಿ ಕೈ ಚಾಚಿದ್ಲು. ಅದಕ್ಕ ಕೊಟ್ಟೆ."

ಕಮರುನ್ನೀಸಾ ತಲೆಯಾಡಿಸಿದಳು. ಅವಳು ಇನ್ನೊಂದು ಊರಿಗೆ, ಇನ್ನೊಂದು ಮಗುವಿನ ಮನೆಗೆ ಹೋಗಬೇಕಿತ್ತು. ಬಿಸಿಲು ಏರುತ್ತಿತ್ತು. ರೇವಣಸಿದ್ದ ಅವಳ ಚೀಲ ಎತ್ತಿಕೊಂಡು ಬಸ್ಸು ನಿಲ್ಲುವ ಆಲದ ಮರದವರೆಗೆ ಮುಂದೆ ಮುಂದೆ ನಡೆದ.