ಮಂಜಿಕಟ್ಟೆಯ ಕೆಮ್ಮು

ಬಿಳಿ, ಅಲ್ಲೊಂದು ಬಿಳಿ ಇದೆ, ಗಾಳದ ಬೆಂಡೇ ಇರಬೇಕು, ಇಲ್ಲವೇ ನೀರಿನ ಮೇಲೆ ಬಿದ್ದ ಬಿಸಿಲಿನ ಚೂರು, ಬಿಸಿಲಾದರೆ ಅಲುಗಿ ಒಡೆದು ಹೋಗುತ್ತದೆ, ಇದು ಒಡೆಯುವುದಿಲ್ಲ, ಹಾಗಾದರೆ ಬೆಂಡು, ನನ್ನದೇ ಬೆಂಡು ಎಂದುಕೊಂಡ ಬಚ್ಚ, ಎಂದುಕೊಂಡು ಬಿದಿರಿನ ಕೋಲನ್ನು ತೊಡೆಯ ಮೇಲೆ ಸರಿಮಾಡಿಕೊಂಡ, ಕಲ್ಲು ತಣ್ಣಗಿತ್ತು, ಕಲ್ಲಿನ ನಡುವಿನ ಹೊಂಡ ಅವನ ಕುಂಡೆಗೆ ಅಳತೆ ತೆಗೆದಂತಿತ್ತು, ತಾನು ಕೂತು ಕೂತು ಆದ ಹೊಂಡವೋ, ಮೊದಲೇ ಇದ್ದದ್ದೋ — ಮಂಜಿಯ ಹಗ್ಗ ಉಜ್ಜಿ ಆದದ್ದು ಎಂದು ಹಿಂದೆ ಪಕ್ಕದ ಕಲ್ಲಿನಲ್ಲಿ ಕೂರುತ್ತಿದ್ದ ಕುಷ್ಟ ಹೇಳುತ್ತಿದ್ದ, ಹೆಂಚು ತುಂಬಿಕೊಳ್ಳಲು ಹಾಯಿಯ ಮಂಜಿಗಳು ಬಂದು ನಿಲ್ಲುತ್ತಿದ್ದ ಕಟ್ಟೆ ಇದು, ಹೊಳೆಯಲ್ಲಿ ಹೂಳು ತುಂಬಿ ಮಂಜಿಗಳು ಗಂಗೊಳ್ಳಿಯ ಕಡೆಗೆ ಸರಿದ ಮೇಲೆ ಕಟ್ಟೆ ಕುಸಿಯಿತು, ನೀರಿಗೆ ಚಾಚಿಕೊಂಡ ಆರು ಕಲ್ಲು ಉಳಿದವು, ಆರು ಕಲ್ಲಿಗೆ ಆರು ಜನ, ಅದೇ ಸಂಘ. ಸಂಘ ಎಂದು ಹೆಸರಿಟ್ಟವ ಕೃಷ್ಣಯ್ಯ, ಕುಂದಾಪುರ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವ, ಮತ್ಸ್ಯ ವಿನೋದ ಸಂಘ ಎಂದು ಹಲಗೆ ಬರೆಸಿ ತಂದಿದ್ದ, ಒಂದು ಮಳೆಗಾಲದ ನೆರೆಗೆ ಹಲಗೆ ಹೋಯಿತು, ಹೆಸರೂ ಅದರ ಸಂಗಡ ಹೋಯಿತು, ಈಗ ಊರಿಗೆಲ್ಲ ಇವರು ಗಾಳದವರು. ಬಲೆಯವರು ದೋಣಿ ಹಾಯಿಸುವಾಗ ಕೇಳದೆ ಹೋಗುವುದಿಲ್ಲ, ಹ್ವಾಯ್ ಗಾಳದವ್ರೇ, ಇವತ್ತ್ ಎಂತ ಸಿಕ್ತ್, ನೀರಾ? — ನೀರ್ ನಿಮ್ಗೇ, ತಕಂಡ್ ಹೋಯ್ನಿ, ಎನ್ನುತ್ತಾನೆ ಪಕ್ಕದ ಕಲ್ಲಿನ ಸೂರ, ಅವನಿಗೆ ಬಾಯಿ ಜೋರು, ದೋಣಿ ತಿರುವು ದಾಟುವ ತನಕ ನಗೆ ಕೇಳುತ್ತದೆ, ಆಮೇಲೆ ಮತ್ತೆ ಯಾರೂ ಮಾತಾಡುವುದಿಲ್ಲ.

ಮಾತಾಡಬಾರದು, ಅದು ಬಚ್ಚನೂ ಕುಷ್ಟನೂ ಸೇರಿ ಮಾಡಿದ ಕಟ್ಟಳೆ, ಇನ್ನೊಬ್ಬನ ಬೆಂಡು ಮುಳುಗಿದ್ದು ಕಂಡರೂ ಕಂಡವ ಸುಮ್ಮನಿರಬೇಕು, ಬಾಯಲ್ಲಿ ಹೇಳಬಾರದು, ಕೈಯಲ್ಲಿ ತೋರಿಸಬಾರದು, ಹೇಳಿಸಿಕೊಂಡು ಹಿಡಿದ ಮೀನು ಹಿಡಿದವನದಲ್ಲ. ಇನ್ನೊಂದು, ತನ್ನ ಗಾಳ ತಾನೇ ಕಟ್ಟಿ ತನ್ನ ಬೆಂಡು ತಾನೇ ನೋಡಲಾಗದವ ಕಲ್ಲು ಬಿಡಬೇಕು, ಬಿಟ್ಟ ಕಲ್ಲು ಹಿಂದೆ ಕಾದು ನಿಂತವನಿಗೆ. ಶ್ರಾವಣದ ನೂಲ ಹುಣ್ಣಿಮೆ ಕಳೆದು ಹೊಳೆಯ ಕೆಂಪು ತಿಳಿಯಾದ ಮೇಲೆ ಮೊದಲ ದಿನ ಎಲ್ಲರೂ ತಂತಮ್ಮ ಕಲ್ಲಿನ ಮೇಲೆ ಕೂತು, ಉಳಿದವರು ನೋಡುವಂತೆ, ಹೊಸ ಗಾಳ ಕಟ್ಟಬೇಕು, ಅದು ಇವತ್ತು. ಬೆಳಿಗ್ಗೆ ಬಚ್ಚ ಕಟ್ಟಿದ. ಯುದ್ಧ ಮುಗಿಯಿತೆಂದರೂ ವಿಲಾಯತಿ ಗಾಳ ಇನ್ನೂ ಬಂದಿಲ್ಲ, ಬ್ರಹ್ಮಾವರದ ಆಚಾರಿ ಕೊಡೆಕಡ್ಡಿ ಬಗ್ಗಿಸಿ ಮಾಡಿಕೊಟ್ಟದ್ದು, ನೂಲಿನ ತುದಿಯನ್ನು ನಾಲಿಗೆಯಲ್ಲಿ ಒದ್ದೆಮಾಡಿ, ಗಾಳದ ಬುಡವನ್ನು ಹೆಬ್ಬೆರಳ ಉಗುರಿಗೆ ಒತ್ತಿ ಹಿಡಿದು, ಕಣ್ಣು ಸುಮ್ಮನೆ ಅತ್ತ ಇಟ್ಟುಕೊಂಡು, ಬೆರಳು ತಾನಾಗಿ ಸುತ್ತಿತು, ಎಳೆದು ನೋಡಿದ, ಗಂಟು ಕೂತಿತ್ತು. ಆಯ್ತ್ ಬಚ್ಚಣ್ಣ ಎಂದ ಕೃಷ್ಣಯ್ಯ ಆಚೆ ಕೊನೆಯ ಕಲ್ಲಿನಿಂದ. ಬೆರಳಿನ ಪರೀಕ್ಷೆ ಆಯಿತು. ಕಣ್ಣಿನದನ್ನು ಯಾರೂ ಕೇಳುವ ಪದ್ಧತಿ ಇಲ್ಲ, ಅದನ್ನು ಅವನವನೇ ಕೇಳಿಕೊಳ್ಳಬೇಕು, ಅದೂ ಬಚ್ಚನೇ ಹೇಳಿದ್ದು.

ಹೆಂಚಿನ ಕಾರ್ಖಾನೆಯ ಭಟ್ಟಿಯ ಬಾಯಿಗೆ ವರ್ಷಗಟ್ಟಲೆ ಮುಖ ಕೊಟ್ಟು ದುಡಿದ ಬಚ್ಚನ ಕಣ್ಣು, ನಡುವಲ್ಲಿ ಒಂದು ಹೊಗೆ, ಅಂಚಿನಲ್ಲಿ ಮಾತ್ರ ಲೋಕ, ದೊಡ್ಡದೆಲ್ಲ ಕಾಣುತ್ತದೆ, ದೋಣಿ ಕಾಣುತ್ತದೆ, ಆಚೆ ದಡದ ತೆಂಗು ಕಾಣುತ್ತದೆ, ಕಾರ್ಖಾನೆಯ ಹೊಗೆ ಕಾಣುತ್ತದೆ, ಬಟ್ಟಲಿನ ಮೀನಿನಲ್ಲಿ ಮುಳ್ಳು ಕಾಣುವುದಿಲ್ಲ. ಹೆಂಡತಿ ಅಕ್ಕುಗೆ ಅವನೇನೂ ಹೇಳಿದ್ದಲ್ಲ, ಒಂದು ದಿನ ಕಾಣೆ ಮೀನು ಮುಳ್ಳು ಬಿಡಿಸಿಯೇ ಬಡಿಸಿದಳು, ಮರುದಿನವೂ ಹಾಗೇ, ಕೇಳಿದರೆ ಎಂತ ಹೇಳಿಯಾಳೋ ಎಂದು ಅವನು ಕೇಳಲಿಲ್ಲ. ಹಿಂದೆ ಮರಳಿನ ಮೇಲೆ ಯಾರೋ ಕಾಲು ಬದಲಿಸಿದ ಸದ್ದು, ಚಂದ್ರ, ಬೊಂಬಾಯಿಯ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು, ಅಲ್ಲಿ ಬೆಂಕಿಬಿದ್ದ ವರ್ಷ ಕಿರಿಮಂಜೇಶ್ವರಕ್ಕೆ ಹಿಂದೆ ಬಂದವ, ಎರಡು ಮಕ್ಕಳ ತಂದೆ, ಈಗ ಇಲ್ಲಿ ಅಕ್ಕಿ ಮಿಲ್ಲಿನಲ್ಲಿದ್ದಾನೆ, ಬಿಡುವು ಸಿಕ್ಕಿದಾಗೆಲ್ಲ ಕೋಲು ಹಿಡಿದು ಕಟ್ಟೆಯ ಹಿಂದೆ ಬಂದು ನಿಲ್ಲುತ್ತಾನೆ, ಕಲ್ಲು ಬೇಕು ಎಂದು ಬಾಯಿಬಿಟ್ಟು ಕೇಳಿಲ್ಲ, ಕೇಳುವಂತಿಲ್ಲ, ನಿಲ್ಲುವುದೇ ಕೇಳುವುದು. ಹಿಂದೆ ಸೂರನೂ ಹಾಗೇ ನಿಂತಿದ್ದ, ಕುಷ್ಟನ ಕಲ್ಲಿಗೆ. ಕುಷ್ಟನ ಕೈ ನಡುಗಿತ್ತು, ಇಂಥದೇ ದಿನ, ನೂಲು ಗಾಳಕ್ಕೆ ಸುತ್ತದೆ ಜಾರಿತು, ಇನ್ನೊಮ್ಮೆ ಜಾರಿತು, ಯಾರೂ ಏನೂ ಅನ್ನಲಿಲ್ಲ, ಬಚ್ಚನೂ ಅನ್ನಲಿಲ್ಲ, ಕುಷ್ಟ ಗಾಳವನ್ನು ಕಲ್ಲಿನ ಮೇಲಿಟ್ಟು ಎದ್ದು ಬಿಳಿ ಮುಂಡಾಸು ಕೊಡವಿ ಕಟ್ಟಿಕೊಂಡು ಹೊಳೆಯ ದಂಡೆ ಹಿಡಿದು ನಡೆದ, ಆಗ ಬಚ್ಚನ ಕಣ್ಣು ಚೆನ್ನಾಗಿತ್ತು, ಮುಂಡಾಸು ಸಣ್ಣದಾಗುತ್ತ ಆಗುತ್ತ ಒಂದು ಬಿಳಿ ಚುಕ್ಕಿಯಾಗುವ ತನಕ ನೋಡಿದ್ದ, ಆಮೇಲೆ ಬದುಕಿರುವ ತನಕ ಕುಷ್ಟ ಪೇಟೆಗೆ ಹೋಗುವುದಿದ್ದರೂ ಗದ್ದೆಯ ಮೇಲಿನ ಸುತ್ತು ದಾರಿಯಲ್ಲೇ ಹೋಗುತ್ತಿದ್ದ, ಹೊಳೆ ಕಾಣದ ದಾರಿ. ಬಚ್ಚನ ಮನೆಯಿಂದಲೂ ಆ ದಾರಿ ಇದೆ. ಅಷ್ಟು ದೂರ ನಡೆಯಲು ಕಾಲು ಬೇಕು.

ಬಿಳಿ ಮುಳುಗಿತು. ಈಗ ಇತ್ತು ಈಗ ಇಲ್ಲ, ಬಚ್ಚ ಕೋಲು ಎಳೆದ, ಎಳೆದದ್ದು ಹಗುರ, ಗಾಳ ಚುಚ್ಚಿದ ಸಿಗಡಿಯ ಸಮೇತ ಹಾರಿ ಬಂದು ಏನಕ್ಕೋ ಸಿಕ್ಕಿಕೊಂಡಿತು, ಏನೋ ತೊಡಕಿತು, ನೀರು ಬಡಿಯಿತು, ಸೂರನ ಕಲ್ಲಿನ ಮುಂದೆ ದೊಡ್ಡದೊಂದು ಮಗುಚಿ ಹೋದ ಸದ್ದು, ಕೆಂಬೇರಿ ಮೀನೇ ಇರಬೇಕು, ಅಷ್ಟು ಭಾರದ ಸದ್ದು. ಮುಳುಗಿದ್ದು ಸೂರನ ಬೆಂಡು. ತನ್ನದು ಎಲ್ಲಿತ್ತು, ಇಷ್ಟು ಹೊತ್ತು ಎಲ್ಲಿತ್ತು, ಇಷ್ಟು ಹೊತ್ತು ಅವನು ಸೂರನ ಬೆಂಡನ್ನು ಕಾದದ್ದು. ಎಂತ ಆಯ್ತ್ ಬಚ್ಚಣ್ಣ, ಕೃಷ್ಣಯ್ಯನ ಸ್ವರ. ಎಂತ ಇಲ್ಲೆ, ನನ್ ನೂಲೇ ಗಾಳಿಗ್ ಅಡ್ಡ ಹೋದ್ದ್ — ಸೂರನ ಸ್ವರ, ಬಾಯಿಜೋರಿನ ಸೂರ, ಮೀನು ಕಳೆದುಕೊಂಡು ಇಷ್ಟು ಮೆಲ್ಲಗೆ. ಗಾಳಿ ಎಲ್ಲಿದೆ, ಕಾರ್ಖಾನೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದೆ, ಅದು ಬಚ್ಚನಿಗೂ ಕಾಣುತ್ತದೆ, ಎಲ್ಲರಿಗೂ ಕಾಣುತ್ತದೆ, ಸೂರ ಬಂದು ತೊಡಕು ಬಿಡಿಸಿ, ಬಚ್ಚನ ಬೆಂಡನ್ನು ಅವನ ಅಂಗೈಯಲ್ಲೇ ಇಟ್ಟು ಹೋದ, ಗುಬ್ಬಿಯ ಮರಿಯಷ್ಟು ಹಗುರ, ಒದ್ದೆ, ಬಿಳಿ.

ಗಾಳ ಮತ್ತೆ ಬಿಟ್ಟ, ಕೈಗೆ ಗೊತ್ತಿದ್ದ ಜಾಗಕ್ಕೆ. ಇಷ್ಟು ದಿನ ಹೇಗೆ ಹಿಡಿದೆ ಹಾಗಾದರೆ, ಬೇಸಗೆಯಲ್ಲಿ ದಿನಕ್ಕೊಂದಾದರೂ ಮೀನು ಮನೆಗೆ ಹೋಗಿದೆ, ಇಲ್ಲ, ಸೂರ ಕೊಲ್ಲೂರಿಗೆ ಹೋದ ವಾರ ಒಂದೂ ಸಿಗಲಿಲ್ಲ, ಅವನು ಬಂದ ಮೇಲೆ ಸಿಕ್ಕಿತು, ಅವನು ಬರುವಾಗ ಕೆಮ್ಮು ತಂದಿದ್ದ. ಕಾಡಿನ ಬುಡದ ಥಂಡಿ ಹಿಡಿಯಿತೆಂದು ಬಚ್ಚನೇ ಹೇಳಿದ್ದು, ಕರಿಮೆಣಸಿನ ಕಷಾಯ ಕುಡಿ ಮಾರಾಯ ಎಂದದ್ದು, ಅಕ್ಕು ಮಾಡಿ ಕುಪ್ಪಿಯಲ್ಲಿ ಕಳಿಸಿದ್ದಳು, ಕುಡಿದ, ಕುಪ್ಪಿ ತೊಳೆದು ಹಿಂದೆ ಕೊಟ್ಟ, ಕೆಮ್ಮು ಬಿಡಲಿಲ್ಲ, ಸೂರನ ಹೆಂಡತಿ ಸರಸ ಬಾವಿಕಟ್ಟೆಯಲ್ಲಿ ನಕ್ಕಳಂತೆ, ನಮ್ಮನೆಯವ್ರಿಗ್ ಕೆಮ್ಮ್ ಎಲ್ಲಿತ್ ಅಕ್ಕಕ್ಕ, ಕಷಾಯ ಕುಡ್ದ್ ಹೊಟ್ಟಿ ಉರಿ ಸುರುವಾಯ್ತ್ — ಗಂಡನ ಕೆಮ್ಮು ಕೇಳದ ಹೆಂಗಸು ಎಂದು ಬಚ್ಚ ಅಂದುಕೊಂಡಿದ್ದ. ಮಳೆಗಾಲವಿಡೀ ಬೀಡಿ ಅಂಗಡಿಯಲ್ಲಿ ಎದುರಾಬದುರು ಕೂತರೂ ಸೂರ ಒಮ್ಮೆ ಕೆಮ್ಮಿದ್ದಿಲ್ಲ. ಇಲ್ಲಿ ಮಾತ್ರ ಕೆಮ್ಮು. ಕೆಮ್ಮು ಬಂದಾಗೆಲ್ಲ ಬಚ್ಚನಿಗೆ ಯಾಕೋ ಎಚ್ಚರ, ಎಚ್ಚರವಾದಾಗೆಲ್ಲ ಕೈ ಎಳೆಯುವುದು, ಎಳೆದರೆ ಮೀನು. ಇವತ್ತು ಸೂರನದೇ ಬೆಂಡು ಮುಳುಗಿತು, ತನ್ನ ಬೆಂಡಿಗೆ ತಾನೇ ಯಾರು ಕೆಮ್ಮುತ್ತಾರೆ.

ಹೇಳಿಸಿಕೊಂಡು ಹಿಡಿದ ಮೀನು. ಬೇಸಗೆಯಿಡೀ. ಅಕ್ಕು ಅದರ ಮುಳ್ಳನ್ನೂ ಬಿಡಿಸಿ ಕೊಟ್ಟದ್ದು. ಎದ್ದು ಹೋಗಬೇಕು, ಕಟ್ಟಳೆ ಇನ್ನೊಬ್ಬನಿಗೆ ಮಾತ್ರ ಮಾಡಿದ್ದಲ್ಲ, ಕೋಲನ್ನು ಕಲ್ಲಿಗೆ ಒರಗಿಸಿ, ಹೆಗಲ ಬೈರಾಸು ಕೊಡವಿ, ಹಾಗೇ ದಂಡೆ ಹಿಡಿದು, ಕುಷ್ಟ ಹೋದಂತೆ, ಹಿಂದಿನಿಂದ ಯಾರಾದರೂ ನೋಡಿಯಾರು, ಸಣ್ಣದಾಗುವ ತನಕ — ಕಾಲು ಕಲ್ಲಿನಿಂದ ಕೆಳಗಿಟ್ಟ. ಸೂರ ಕೆಮ್ಮಿದ.

ಬಚ್ಚ ಕೈ ಅಲುಗಿಸಲಿಲ್ಲ. ನೂಲಿನಲ್ಲಿ ಸಣ್ಣ ತುಡಿತ ಬಂದು ಹೋಯಿತು, ಮೀನು ರುಚಿ ನೋಡುತ್ತಿದೆ. ಸೂರ ಇನ್ನೊಮ್ಮೆ ಕೆಮ್ಮಿದ, ಗಂಟಲು ಹರಿಯುವಂತೆ. ಆಚೆ ಕೊನೆಯಿಂದ ಕೃಷ್ಣಯ್ಯ ಕೆಮ್ಮಿದ, ಜವಳಿ ಅಂಗಡಿಯ ಮರ್ಯಾದೆಯ ಸಣ್ಣ ಕೆಮ್ಮು, ಹಾಗಾದರೆ ಅವನಿಗೂ ಗೊತ್ತು, ಎಲ್ಲರಿಗೂ ಗೊತ್ತು, ಬೇಸಗೆಯಿಂದ ಗೊತ್ತು. ಆದರೂ ಅವನು ಎಳೆಯಲಿಲ್ಲ. ಆಗ ಹಿಂದೆ ಮರಳಿನ ಮೇಲಿಂದ, ಸ್ವಲ್ಪ ಹೆದರಿದ ಹಾಗೆ, ಅಭ್ಯಾಸವಿಲ್ಲದ ಹಾಗೆ, ಇನ್ನೊಂದು ಕೆಮ್ಮು. ಚಂದ್ರ. ಈ ಕಲ್ಲಿಗಾಗಿ ನಿಂತವ. ಬಚ್ಚ ಎದ್ದರೆ ಇವತ್ತೇ ಕೂರುವವ.

ಬಚ್ಚ ಕಾಲನ್ನು ಮೇಲೆ ತೆಗೆದುಕೊಂಡ. ಹೊಂಡ ಬಿಟ್ಟು ಒಂದು ಬದಿಗೆ ಸರಿದ, ಕಲ್ಲು ಅಷ್ಟೇನೂ ಸಣ್ಣದಲ್ಲ, ಹಗ್ಗ ಕಟ್ಟಲು ಮಾಡಿದ್ದು, ಇಷ್ಟು ವರ್ಷ ನಡುವಲ್ಲೇ ಕೂತದ್ದಕ್ಕೆ ಒಬ್ಬನದು ಎನಿಸಿತ್ತು. ಹಿಂದೆ ತಿರುಗದೆ ಹೇಳಿದ, ಚಂದ್ರಾ, ನಿತ್ಕಂಡ್ ಕೆಮ್ಮುದ್ ಎಂತಕ್, ಕೂಕಂಡ್ ಕೆಮ್ಮ್.

ಸೂರ ನಗಲಿಲ್ಲ. ಮರಳು ಸದ್ದು ಮಾಡಿತು, ನಿಂತಿತು, ಮತ್ತೆ ಸದ್ದು ಮಾಡಿತು, ಪಕ್ಕದಲ್ಲಿ ಮಿಲ್ಲಿನ ತವುಡಿನ ವಾಸನೆ, ಬಿಸಿ ಮೈ, ಅಂಜಿದ ಉಸಿರು, ಹೊಂಡದಲ್ಲಿ ಇನ್ನೊಬ್ಬ ಕೂತ, ಬಚ್ಚ ಕೋಲನ್ನು ಎರಡೂ ಕೈಯಲ್ಲಿ ಹಿಡಿದ, ನೀರು ಎಲ್ಲ ಕಡೆಯೂ ಬಿಳಿ, ಅದರ ನಡುವೆ ಎಲ್ಲೋ ಬೆಂಡು, ಇನ್ನೂ ಇದೆಯೋ, ಮುಳುಗಿತೋ, ಪಕ್ಕದ ಗಂಟಲು ಕೆಮ್ಮಿಗೆ ಸಜ್ಜಾಗುತ್ತಿದೆ, ಈಗ, ಈಗ ಬರುತ್ತದೆ, ಬಿಳಿ ಬೆಂಡು, ಬಿಳಿ